ಕನ್ನಡದ ವೈದ್ಯಗ್ರಂಥಗಳೂ ಗೃಹಸ್ಥನ ಆರೋಗ್ಯಜ್ಞಾನವೂ

೧

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಅಭ್ಯಾಸ ಮಾಡುವವರು ಚಂಪೂ, ವಚನ, ರಗಳೆ, ಷಟ್ಪದಿಗಳ ವಿಷಯದಲ್ಲಿ ತೋರುವ ಆಸ್ಥೆಯನ್ನು ಶಾಸ್ತ್ರಗ್ರಂಥಗಳ ವಿಷಯದಲ್ಲಿ ತೋರುವುದು ವಿರಳ. ಛಂದಸ್ಸು, ವ್ಯಾಕರಣ, ಅಲಂಕಾರಗಳನ್ನು ಕುರಿತ ಶಾಸ್ತ್ರಗಳಿಗಾದರೂ ಪಠ್ಯಕ್ರಮದಲ್ಲಿ ಒಂದು ಸ್ಥಾನವುಂಟು. ವೈದ್ಯ, ಕೃಷಿ, ಪಾಕ, ಜಲಶೋಧನೆ ಮೊದಲಾದ ಲೋಕೋಪಯೋಗಿ ವಿಷಯಗಳನ್ನು ಕುರಿತು ಕನ್ನಡದಲ್ಲಿ ಹುಟ್ಟಿದ ಗ್ರಂಥಗಳು ಮಾತ್ರ ಹೆಚ್ಚಾಗಿ ಹೆಸರುಗಳ ಪಟ್ಟಿಯಾಗಿಯೇ ಉಳಿದುಬಿಟ್ಟಿವೆ. ಆರ್. ನರಸಿಂಹಾಚಾರ್ಯರು ತಮ್ಮ ‘ಕರ್ನಾಟಕ ಕವಿಚರಿತೆ’ಯ ಸಂಪುಟಗಳಲ್ಲಿ ಇಂತಹ ಗ್ರಂಥಕಾರರನ್ನೂ ಕವಿಗಳ ಸಾಲಿನಲ್ಲಿಯೇ ಇರಿಸಿ, ಅವರ ಕಾಲದೇಶಗಳನ್ನು ವಿಚಾರಿಸಿದರು. ಅವರು ತೋರಿಸಿದ ದಾರಿಯಲ್ಲಿ ಮುಂದೆ ನಡೆದವರು ಕೆಲವರೇ.

ಈ ಗ್ರಂಥಗಳನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆರೋಗ್ಯವನ್ನು ಕಾಪಾಡಿಕೊಳ್ಳುವ ಅರಿವು ಪಂಡಿತನ ಓಲೆಯಲ್ಲಿ ಮಾತ್ರ ಅಡಗಿರಬಾರದು. ಅದು ಗೃಹಸ್ಥನಿಗೆ ಅವನ ನುಡಿಯಲ್ಲಿಯೇ ದೊರೆಯಬೇಕೆಂಬ ಆಶಯ ಅವುಗಳ ಬೆನ್ನಿಗಿದೆ. ಸುಮಾರು ಒಂದು ಸಾವಿರ ವರ್ಷಗಳಿಂದ ಕನ್ನಡ ಈ ಕಾರ್ಯವನ್ನು ನಡೆಸಿಕೊಂಡು ಬಂದಿದೆ. ಇದರೊಡನೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ಗ್ರಂಥಗಳಿಗೆ ಮೂಲಾಧಾರವಾದ ವೈದ್ಯಶಾಸ್ತ್ರ ಮದ್ದನ್ನು ಹೇಳಿದಂತೆಯೇ ಮದ್ದಿನ ಎಲ್ಲೆಯನ್ನೂ ಹೇಳಿತ್ತು. ಬಾಯಿಂದ ಬಾಯಿಗೆ, ಮನೆಯಿಂದ ಮನೆಗೆ ಸಾಗಿಬರುವಲ್ಲಿ ಮದ್ದು ಉಳಿಯಿತು, ಎಲ್ಲೆ ಮರೆಯಾಯಿತು. ಈ ಮರೆವಿಗೆ ನಮ್ಮ ಹಳ್ಳಿಗಳು ಇಂದಿಗೂ ಪ್ರಾಣದ ಬೆಲೆಯನ್ನು ತೆರುತ್ತಿವೆ. ಆದುದರಿಂದ ಕನ್ನಡ ವೈದ್ಯಸಾಹಿತ್ಯದ ಚರಿತ್ರೆ ಸಾಹಿತ್ಯವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ.

೨

ಗ್ರಂಥಗಳನ್ನು ವಿಚಾರಿಸುವ ಮೊದಲು ಅವು ಹುಟ್ಟಿದ ಕಾಲದಲ್ಲಿ ರೋಗಿಗಳಿಗೆ ದೊರೆಯುತ್ತಿದ್ದ ಆಶ್ರಯವನ್ನು ನೋಡುವುದು ಯುಕ್ತ. ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವೆ ಅಂದು ಬನವಾಸಿ ನಾಡಿನ ರಾಜಧಾನಿ. ಐದು ಮಠಗಳಿಗೂ ಅನೇಕ ದೇವಾಲಯಗಳಿಗೂ ನೆಲೆಯಾಗಿದ್ದ ಪಟ್ಟಣ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಕಾಳಾಮುಖ ಶೈವರದು. ಕಳಚುರಿ ಬಿಜ್ಜಳನ ಕಾಲದ ಕ್ರಿ.ಶ. ೧೧೬೨ರ ಶಾಸನ ಈ ಮಠವನ್ನು ವರ್ಣಿಸುವ ಬಗೆ ಗಮನಾರ್ಹವಾಗಿದೆ. ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯನಾಟಕಗಳ ಅಧ್ಯಯನಕ್ಕೆ ಅದು ಸ್ಥಾನವಾಗಿತ್ತು. ದೀನರಿಗೂ ಅಂಧರಿಗೂ ಬಧಿರರಿಗೂ ಅನ್ನ ದೊರೆಯುವ ಛತ್ರವಾಗಿತ್ತು. ಅನಾಥರಾದ ನಾನಾ ಬಗೆಯ ರೋಗಿಗಳಿಗೆ ಔಷಧೋಪಚಾರ ನಡೆಯುವ ತಾಣವೂ ಆಗಿತ್ತು ಎಂದು ಶಾಸನದ ಅಭಿಪ್ರಾಯ. ವಿದ್ಯೆ, ಅನ್ನ, ಔಷಧ ಮೂರೂ ಒಂದೇ ಮಾಡಿನ ಕೆಳಗೆ ಇದ್ದವೆಂಬುದು ಇದರಿಂದ ವಿದಿತವಾಗುತ್ತದೆ.

ಈ ವ್ಯವಸ್ಥೆ ಕೋಡಿಯ ಮಠಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ತಮಿಳುನಾಡಿನ ತಿರುಮುಕ್ಕೂಡಲಿನ ಚೋಳಶಾಸನ, ವೀರರಾಜೇಂದ್ರನ ಕಾಲದ್ದು, ದೇವಾಲಯಕ್ಕೆ ಸೇರಿದ ಹದಿನೈದು ಹಾಸಿಗೆಗಳ ಆತುರಶಾಲೆಯೊಂದನ್ನು ಹೆಸರಿಸಿ ಅಲ್ಲಿ ಸಂಗ್ರಹಿಸಿಡಬೇಕಾದ ಔಷಧಗಳ ಪಟ್ಟಿಯನ್ನೂ ಕೊಡುತ್ತದೆ. ಆಂಧ್ರದ ಗುಂಟೂರು ಪ್ರಾಂತದ ಮಲ್ಕಾಪುರದಲ್ಲಿ ದೊರೆತ ಕ್ರಿ.ಶ. ೧೨೬೧ರ ಕಾಕತೀಯ ಶಾಸನದಲ್ಲಿ ಗೋಳಕೀಮಠದ ಆಚಾರ್ಯರಾದ ವಿಶ್ವೇಶ್ವರಶಿವರು ಮಠ, ಅನ್ನಸತ್ರಗಳ ಜೊತೆಗೆ ಪ್ರಸೂತಿಶಾಲೆಯನ್ನೂ ಆರೋಗ್ಯಶಾಲೆಯನ್ನೂ ಏರ್ಪಡಿಸಿದುದು ಉಕ್ತವಾಗಿದೆ. ಶೈವಮಠಗಳು ಬಾಣಂತಿಯ ಯೋಗಕ್ಷೇಮವನ್ನು ಕೂಡ ಧರ್ಮಕಾರ್ಯವೆಂದು ಎಣಿಸಿದ್ದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೋಡಿಯ ಮಠದ ಶಾಸನ ಹುಟ್ಟಿದ ಕಾಲವೇ ಕಲ್ಯಾಣದಲ್ಲಿ ಬಸವಾದಿ ಶರಣರ ಕಾಲವೂ ಹೌದು. ಶರಣರ ದೃಷ್ಟಿಯಲ್ಲಿ ಶರೀರ ಇಷ್ಟಲಿಂಗಕ್ಕೆ ನೆಲೆ, ಕಾಯಕಕ್ಕೆ ಸಾಧನ. ಆದುದರಿಂದ ರೋಗವನ್ನು ಕಳೆಯುವ ವೃತ್ತಿಯೂ ಕಾಯಕಗಳಲ್ಲಿ ಒಂದಾಗಿ ಗೌರವ ಪಡೆಯಿತು. ವೈದ್ಯ ಸಂಗಣ್ಣನೆಂಬ ಶರಣನ ಹೆಸರೇ ಇದಕ್ಕೆ ಪ್ರಮಾಣ. ವೃತ್ತಿಯಿಂದ ವೈದ್ಯನಾಗಿದ್ದ ಈತ ವೈದ್ಯದ ಪರಿಭಾಷೆಯನ್ನೇ ಬಳಸಿ ಭವರೋಗದ ಮಾತನ್ನಾಡಿದ್ದಾನೆ. ಪಂಡಿತರ ಭಾಷೆಯಲ್ಲಿದ್ದ ಮಾತುಗಳು ಹೀಗೆ ವಚನದ ಮೂಲಕ ಜನಸಾಮಾನ್ಯರ ಕಿವಿಗೆ ಬಿದ್ದವು.

೩

ಮಠದ ಔಷಧಶಾಲೆ ಬಳ್ಳಿಗಾವೆಯಂತಹ ಪಟ್ಟಣಗಳಲ್ಲಿ ಇರಬಲ್ಲುದು. ಹಳ್ಳಿಯ ಒಕ್ಕಲಿಗನಿಗೆ, ಕಾಡಂಚಿನ ದನಗಾಹಿಗೆ ಒದಗಬೇಕಾದುದು ತಿಳಿವಳಿಕೆ. ಆ ತಿಳಿವಳಿಕೆಯನ್ನು ಕನ್ನಡಕ್ಕೆ ತಂದ ಉಪಲಬ್ಧ ಗ್ರಂಥಗಳಲ್ಲಿ ಮೊದಲು ನಿಲ್ಲುವುದು ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’. ಕಲ್ಯಾಣದ ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಈ ಕವಿ ಕ್ರಿ.ಶ. ೧೦೨೫ರಲ್ಲಿ ಇದನ್ನು ರಚಿಸಿದನು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ, ಗದ್ಯಪುರಾಣವನ್ನು ಬರೆದ ಚಾವುಂಡರಾಯ ಬೇರೆ, ಈತ ಬೇರೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಹನ್ನೆರಡು ಅಧ್ಯಾಯಗಳ ಈ ಗ್ರಂಥದಲ್ಲಿ ಮನೆ ಕಟ್ಟುವುದು, ನೆಲದೊಳಗಿನ ನೀರನ್ನು ಅರಿಯುವುದು, ಗಿಡಮರಗಳ ಪೋಷಣೆ, ಸುಗಂಧದ್ರವ್ಯ, ಅಡುಗೆ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ವಿಷವೈದ್ಯ ಎಲ್ಲವೂ ಸೇರಿವೆ. ಬಾವಿ, ಹಿತ್ತಿಲು, ಅಡುಗೆಮನೆ, ಕೊಟ್ಟಿಗೆ ಇವುಗಳ ನಡುವೆ ವೈದ್ಯವನ್ನು ಇರಿಸಿರುವುದು ಕವಿಯ ವಿವೇಕವನ್ನು ಸೂಚಿಸುತ್ತದೆ. ಶುದ್ಧವಾದ ನೀರು, ಹದವಾದ ಅನ್ನ, ಗಾಳಿಬೆಳಕುಗಳಿರುವ ಮನೆ ಇವೇ ಆರೋಗ್ಯದ ಮೊದಲ ಅಂಗಗಳೆಂಬ ಮಾತು ಇಂದಿನ ಸಾರ್ವಜನಿಕ ಆರೋಗ್ಯಶಾಸ್ತ್ರಕ್ಕೂ ಸಮ್ಮತವಾದುದು. ೧೯೫೦ರಲ್ಲಿ ಮದರಾಸಿನಿಂದ ಎಚ್. ಶೇಷ ಅಯ್ಯಂಗಾರರ ಸಂಪಾದಕತ್ವದಲ್ಲಿ ಈ ಗ್ರಂಥ ಅಚ್ಚಾಯಿತು.

ಹನ್ನೆರಡನೆಯ ಶತಮಾನದ ಆದಿಯಲ್ಲಿ ಚಾಳುಕ್ಯ ರಾಜವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. ದನದ ಆರೋಗ್ಯವೇ ಒಕ್ಕಲಿಗನ ಬಾಳಿಗೆ ಆಧಾರವೆಂದು ತಿಳಿದ ರಾಜಪುತ್ರನೊಬ್ಬ ಪಶುಗಳ ರೋಗಗಳಿಗಾಗಿ ಲೇಖನಿ ಹಿಡಿದುದು ಸಾಮಾನ್ಯ ಸಂಗತಿಯಲ್ಲ. ಇದರಲ್ಲಿ ಔಷಧದ ಜೊತೆಗೆ ಮಂತ್ರವೂ ಬೆರೆತಿದೆಯೆಂಬುದನ್ನು ಮರೆಮಾಚಬೇಕಿಲ್ಲ. ಆ ಕಾಲದ ವೈದ್ಯಕ್ಕೆ ಅದು ಸಹಜವಾಗಿತ್ತು. ಅದೇ ಶತಮಾನದ ನಡುವೆ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ಮದ್ಯಮಾಂಸಗಳನ್ನು ಸಂಪೂರ್ಣವಾಗಿ ವರ್ಜಿಸಿ ಚಿಕಿತ್ಸೆಯನ್ನು ಹೇಳಿರುವುದು ಇದರ ವೈಶಿಷ್ಟ್ಯ. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯನು ಅದೇ ಹೆಸರಿನ ತನ್ನ ಸಂಸ್ಕೃತ ಗ್ರಂಥದಲ್ಲಿಯೂ ಇದೇ ನಿಲುವನ್ನು ತಳೆದಿದ್ದನು. ಗಿಡಮೂಲಿಕೆ, ಧಾನ್ಯ, ಹಾಲು, ಖನಿಜಗಳನ್ನೇ ಅವಲಂಬಿಸಿದ ಈ ಚಿಕಿತ್ಸಾಕ್ರಮ ಕನ್ನಡ ನಾಡಿನ ಶಾಕಾಹಾರಿ ಸಮುದಾಯಗಳಿಗೆ ಒಪ್ಪುವಂತಹುದಾಗಿತ್ತು.

ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಆರಂಭಕಾಲದಲ್ಲಿ, ಒಂದನೆಯ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯಗ್ರಂಥವನ್ನು ರಚಿಸಿದನು. ಗಿಡ, ಖನಿಜಗಳಿಂದ ಬರುವ ಸ್ಥಾವರ ವಿಷ, ಹಾವು ಚೇಳು ಮೊದಲಾದ ಪ್ರಾಣಿಗಳಿಂದ ಬರುವ ಜಂಗಮ ವಿಷ, ಇವೆರಡನ್ನೂ ಅದು ವಿಸ್ತಾರವಾಗಿ ವಿವೇಚಿಸುತ್ತದೆ. ಮದರಾಸು ವಿಶ್ವವಿದ್ಯಾನಿಲಯ ಇದನ್ನು ೧೯೪೨ರಲ್ಲಿ ಪ್ರಕಟಿಸಿತು. ಅಮೃತನಂದಿಯ ವೈದ್ಯನಿಘಂಟು ಮೂಲಿಕೆಗಳ ಸಂಸ್ಕೃತ ಹೆಸರುಗಳಿಗೆ ಕನ್ನಡ ಹೆಸರುಗಳನ್ನು ಕೊಡುವ ಅತ್ಯಂತ ಪ್ರಯೋಜನಕರವಾದ ಕೆಲಸವನ್ನು ಮಾಡಿತು. ಹದಿನಾರನೆಯ ಶತಮಾನದಲ್ಲಿ ಸಾಳ್ವನು ‘ವೈದ್ಯಸಾಂಗತ್ಯ’ವನ್ನು ಬರೆದನು. ಸಾಂಗತ್ಯ ಹಾಡುವುದಕ್ಕೆ ಒಗ್ಗುವ ಮಟ್ಟು. ಓದುಬರಹ ಬಾರದವರ ನೆನಪಿನಲ್ಲಿಯೂ ಮದ್ದಿನ ಹೆಸರು ನಿಲ್ಲಬೇಕಾದರೆ ಹಾಡಿಗಿಂತ ಉತ್ತಮವಾದ ವಾಹನವಿಲ್ಲ.

ವೀರಶೈವ ಪರಂಪರೆಯಲ್ಲಿ ಈ ಸಂದರ್ಭದಲ್ಲಿ ನೆನೆಯಬೇಕಾದ ಗ್ರಂಥ ‘ಬಸವರಾಜೀಯ’. ಇದರ ಕರ್ತೃ ಆಂಧ್ರದೇಶದ ವೀರಶೈವನಾದ ಬಸವರಾಜ. ಸಂಸ್ಕೃತ ಶ್ಲೋಕಗಳ ಜೊತೆಗೆ ತೆಲುಗನ್ನು ಬೆರೆಸಿ ಆತ ಬರೆದ ಈ ಚಿಕಿತ್ಸಾಗ್ರಂಥ ತೆಲುಗು ಕನ್ನಡ ನಾಡುಗಳೆರಡರಲ್ಲಿಯೂ ವೈದ್ಯರ ಕೈಪಿಡಿಯಾಯಿತು. ಭಾರತದ ೧೯೪೦ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ ಅನುಸೂಚಿಯಲ್ಲಿ ಪ್ರಮಾಣವೆಂದು ಅಂಗೀಕೃತವಾದ ಆಯುರ್ವೇದ ಗ್ರಂಥಗಳ ಸಾಲಿನಲ್ಲಿ ಇದಕ್ಕೂ ಸ್ಥಾನ ದೊರೆತಿದೆ. ಪಂಡಿತರ ಭಾಷೆಯ ಪಕ್ಕದಲ್ಲಿ ಜನರ ಭಾಷೆಯನ್ನು ಕೂರಿಸಿದ ಈತನ ಧೋರಣೆ ಕನ್ನಡದ ವೈದ್ಯಕವಿಗಳ ಧೋರಣೆಗೆ ಸಮೀಪವಾದುದು.

೪

ಈ ಗ್ರಂಥಕಾರರಿಗೆಲ್ಲ ಹಿನ್ನೆಲೆಯಾಗಿದ್ದ ಆಯುರ್ವೇದ ಜನಸಾಮಾನ್ಯರ ಅರಿವನ್ನು ಎಂದೂ ಕೀಳಾಗಿ ಕಂಡಿಲ್ಲ. ಕಾಡಿನ ಮೂಲಿಕೆಗಳ ಹೆಸರನ್ನೂ ರೂಪವನ್ನೂ ಕುರಿಗಾಹಿಗಳು, ದನಗಾಹಿಗಳು, ವನವಾಸಿಗಳು ಬಲ್ಲರೆಂದು ಚರಕಸಂಹಿತೆಯ ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿದೆ. ಆದರೆ ಹೆಸರು ರೂಪಗಳನ್ನು ಬಲ್ಲ ಮಾತ್ರಕ್ಕೆ ಅದರ ಪ್ರಯೋಗವನ್ನು ಬಲ್ಲಂತಾಗುವುದಿಲ್ಲವೆಂದೂ ಅಲ್ಲಿಯೇ ಎಚ್ಚರಿಸಿದೆ. ಯುಕ್ತಿಯಿಂದ ಬಳಸಿದರೆ ತೀಕ್ಷ್ಣವಾದ ವಿಷವೂ ಮದ್ದಾಗುತ್ತದೆ. ಕ್ರಮ ತಪ್ಪಿದರೆ ಮದ್ದೂ ವಿಷವಾಗುತ್ತದೆ ಎಂಬುದು ಅದೇ ಸಂದರ್ಭದ ಮಾತು. ನಿಸರ್ಗದಿಂದ ಬಂದುದೆಲ್ಲವೂ ನಿರಪಾಯಕರವೆಂಬ ಇಂದಿನ ನಂಬಿಕೆ ನಮ್ಮ ಪ್ರಾಚೀನರದಲ್ಲ.

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ಚರಕಸಂಹಿತೆ ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಇವುಗಳಲ್ಲಿ ಉಪಚಾರಕ ಮತ್ತು ರೋಗಿ ಎಂಬ ಎರಡು ಪಾದಗಳು ಮನೆಯವೇ. ರೋಗಿಯನ್ನು ಶುಚಿಯಾಗಿ ನೋಡಿಕೊಳ್ಳುವುದು, ಪಥ್ಯವನ್ನು ನಡೆಸುವುದು, ತನ್ನ ದೇಹಸ್ಥಿತಿಯನ್ನು ಮುಚ್ಚಿಡದೆ ಹೇಳುವುದು ಗೃಹಸ್ಥನ ಹೊಣೆ. ಬೆಳಗ್ಗೆ ಏಳುವುದರಿಂದ ಹಿಡಿದು ಹಲ್ಲುಜ್ಜುವುದು, ಎಣ್ಣೆ ನೀರು, ವ್ಯಾಯಾಮ, ಮಿತಾಹಾರ, ನಿದ್ರೆಗಳವರೆಗೆ ದಿನಚರ್ಯೆಯನ್ನೂ, ಆರು ಋತುಗಳಿಗೆ ತಕ್ಕಂತೆ ಋತುಚರ್ಯೆಯನ್ನೂ ಶಾಸ್ತ್ರ ವಿಧಿಸಿರುವುದು ರೋಗ ಬಾರದಂತೆ ತಡೆಯುವುದಕ್ಕಾಗಿ. ಆತ್ಮೋಪಚಾರದ ಕ್ಷೇತ್ರ ಇದು. ಇದರಲ್ಲಿ ಗೃಹಸ್ಥ ಸ್ವತಂತ್ರ.

ರೋಗ ಬಂದ ಮೇಲೆ ಶಾಸ್ತ್ರ ಮೊದಲು ಕೇಳುವ ಪ್ರಶ್ನೆ ಬೇರೆ. ಇದು ಸುಲಭವಾಗಿ ಗುಣವಾಗುವಂತಹುದೆ, ಕಷ್ಟದಿಂದ ಗುಣವಾಗುವಂತಹುದೆ, ಜೀವನಪರ್ಯಂತ ಪಥ್ಯೌಷಧಗಳಿಂದ ಹತೋಟಿಯಲ್ಲಿಡಬೇಕಾದುದೆ, ಅಸಾಧ್ಯವೆ? ಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂಬ ಈ ವಿಭಾಗವನ್ನು ಅರಿಯದೆ ಕೈ ಹಾಕುವ ವೈದ್ಯನಿಗೆ ಅಪಕೀರ್ತಿ ತಪ್ಪದೆಂದು ಹೇಳಿದೆ. ವೈದ್ಯನಿಗೇ ಈ ಎಚ್ಚರ ಬೇಕಾಗಿರುವಾಗ ಮನೆಯಲ್ಲಿ ಮದ್ದು ಅರೆಯುವವರಿಗೆ ಅದು ಇನ್ನೂ ಹೆಚ್ಚು ಬೇಕು. ಆದರೆ ಮನೆಮದ್ದಿನ ಪರಂಪರೆಯಲ್ಲಿ ಬಿಟ್ಟುಹೋದುದು ಇದೇ. ಬೇರಿನ ಹೆಸರನ್ನೂ ಅನುಪಾನವನ್ನೂ ಒಂದು ಮಾತಿನಲ್ಲಿ ಹೇಳಿಬಿಡಬಹುದು. ರೋಗದ ಲಕ್ಷಣ, ಅದರ ಅವಸ್ಥೆ, ರೋಗಿಯ ವಯಸ್ಸು ಬಲಾಬಲ ಇವುಗಳನ್ನು ಒಂದು ಮಾತಿನಲ್ಲಿ ಹೇಳಲಾಗದು. ಅಜ್ಜಿಯಿಂದ ಮೊಮ್ಮಗಳಿಗೆ ಸಾಗಿದ್ದು ಹೇಳಲು ಸುಲಭವಾದ ಭಾಗ. ಇದರ ಮೇಲೆ ಮದ್ದಿನ ಹೆಸರನ್ನು ಹೊರಗೆಡಹಿದರೆ ಅದರ ಗುಣ ಹೋಗುತ್ತದೆಂಬ ನಂಬಿಕೆಯಿಂದ ಎಷ್ಟೋ ವಿದ್ಯೆ ಪರೀಕ್ಷೆಗೆ ಒಳಗಾಗದೆ ಗುಟ್ಟಾಗಿಯೇ ಉಳಿಯಿತು.

೫

ಎಲ್ಲೆ ಮರೆತುದರ ಪರಿಣಾಮವನ್ನು ಎರಡು ಉದಾಹರಣೆಗಳಿಂದ ತಿಳಿಯಬಹುದು. ಒಂದನೆಯದು ಹೆಸರಿಗೆ ಸಂಬಂಧಿಸಿದುದು. ಬ್ರಾಹ್ಮಿಯೆಂದರೆ ನಮ್ಮಲ್ಲಿ ಕೆಲವರು ಒಂದೆಲಗವನ್ನು ತೋರಿಸುತ್ತಾರೆ, ಕೆಲವರು ನೀರುಬ್ರಾಹ್ಮಿಯನ್ನು ತೋರಿಸುತ್ತಾರೆ. ಇವೆರಡೂ ಬೇರೆ ಬೇರೆ ಕುಲದ ಸಸ್ಯಗಳು. ಶಂಖಪುಷ್ಪಿಯ ವಿಷಯದಲ್ಲಿಯೂ ಹೀಗೆಯೇ. ಇಂತಹ ಗೊಂದಲ ಕೆಲವೊಮ್ಮೆ ಅಪಾಯವಿಲ್ಲದೆ ಕಳೆದುಹೋಗುತ್ತದೆ; ಕೆಲವೊಮ್ಮೆ ಕಳೆಯುವುದಿಲ್ಲ. ೧೯೯೦ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸಿಕೊಳ್ಳಲು ಚೀನೀ ಮೂಲಿಕೆಗಳ ಮಾತ್ರೆಯನ್ನು ಸೇವಿಸಿದ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಹಾಳಾದವು. ವಿಚಾರಿಸಿದಾಗ, ಚೀನೀ ಭಾಷೆಯಲ್ಲಿ ಹೆಸರು ಹೋಲುತ್ತಿದ್ದ ಕಾರಣ ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯ ಜಾತಿಯ ಇನ್ನೊಂದು ಮೂಲಿಕೆ ಬೆರೆತಿದ್ದುದು ತಿಳಿದುಬಂದಿತು. ಆ ಜಾತಿಯ ಗಿಡಗಳಲ್ಲಿರುವ ಆಮ್ಲ ಮೂತ್ರಪಿಂಡವನ್ನು ಕೆಡಿಸುವುದಷ್ಟೇ ಅಲ್ಲದೆ ಅರ್ಬುದಕ್ಕೂ ಕಾರಣವೆಂದು ಈಗ ಸಿದ್ಧಪಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು ಅದನ್ನು ಮನುಷ್ಯರಲ್ಲಿ ಅರ್ಬುದವನ್ನು ಖಚಿತವಾಗಿ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ.

ಈ ದೂರದ ಸಂಗತಿ ನಮಗೆ ಹತ್ತಿರದ್ದಾಗುವುದು ಹೀಗೆ. ನಮ್ಮ ನಾಡಿನ ಈಶ್ವರಿ ಬಳ್ಳಿ ಅದೇ ಅರಿಸ್ಟೊಲೋಕಿಯ ಜಾತಿಗೆ ಸೇರಿದುದು. ಇದರ ಬೇರನ್ನು ಹಾವಿನ ಕಡಿತಕ್ಕೆ ಅರೆದು ಕುಡಿಸುವುದೂ ಹಚ್ಚುವುದೂ ಬಹು ಹಳೆಯ ರೂಢಿ. ಶಿವನ ಹೆಸರನ್ನು ಹೊತ್ತ ಬಳ್ಳಿಯೆಂಬ ಭಕ್ತಿಯಿಂದ ಜನ ಅದನ್ನು ನಂಬಿದರು. ಭಕ್ತಿ ಸ್ಥಾನದಲ್ಲಿರಬೇಕಾದಲ್ಲಿ ಇರಲಿ. ಅದು ಬೇರಿನ ಗುಣವನ್ನು ಬದಲಿಸಲಾರದು. ಇದೇ ರೀತಿ ಹಸುಗೂಸಿಗೆ ಬಜೆಯನ್ನು ತೇಯ್ದು ನೆಕ್ಕಿಸುವ ವಾಡಿಕೆಯೂ ವಿಚಾರಾರ್ಹ. ಬಜೆಯನ್ನು ಆಹಾರದಲ್ಲಿ ಬೆರೆಸುವುದನ್ನು ಅಮೆರಿಕ ಸಂಯುಕ್ತ ಸಂಸ್ಥಾನ ೧೯೬೮ರಲ್ಲಿಯೇ ನಿಷೇಧಿಸಿತು. ಹುಟ್ಟಿದ ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂಬುದು ಇಂದಿನ ವೈದ್ಯರ ಒಮ್ಮತದ ಅಭಿಪ್ರಾಯ.

ಎರಡನೆಯ ಉದಾಹರಣೆ ಹಾವಿನ ಕಡಿತವೇ. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು ಹನ್ನೆರಡು ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಜನ, ಹಾವು ಕಚ್ಚಿ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇದಕ್ಕೆ ಮುಂಚೆ ೨೦೧೧ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ ಇಂತಹ ಸಾವುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಂಭವಿಸಿದುದು ಆಸ್ಪತ್ರೆಯ ಹೊರಗೆ. ಸತ್ತವರಲ್ಲಿ ಬಹುಪಾಲು ಹೊಲದಲ್ಲಿ ದುಡಿಯುವ ಹಳ್ಳಿಯ ಜನ. ಮಂತ್ರ, ಬೇರು, ಕಲ್ಲುಗಳಲ್ಲಿ ಕಳೆದ ಗಂಟೆಗಳು ಎಷ್ಟು ಪ್ರಾಣಗಳಿಗೆ ಮುಳುವಾದವೋ ಲೆಕ್ಕವಿಟ್ಟವರಿಲ್ಲ.

ಮಂಗರಾಜನ ಕಾಲದಲ್ಲಿ ಮೂಲಿಕೆಯ ಹೊರತು ಬೇರೆ ಗತಿಯಿರಲಿಲ್ಲ. ಬಲ್ಲದ್ದೆಲ್ಲವನ್ನೂ ಕ್ರೋಡೀಕರಿಸಿ ಆತ ತನ್ನ ಕಾಲದ ಜನರಿಗೆ ಉಪಕಾರ ಮಾಡಿದನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮೊದಲಾದವರು ಹಾವಿನ ವಿಷವನ್ನೇ ಸ್ವಲ್ಪಸ್ವಲ್ಪವಾಗಿ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಸ್ತುವಿನಿಂದ ವಿಷವನ್ನು ತಡೆಯಬಹುದೆಂದು ತೋರಿಸಿದರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಪ್ರತಿಯಾಗಿ ಭಾರತದಲ್ಲಿ ಈ ಪ್ರತಿವಿಷ ತಯಾರಾಗುತ್ತದೆ. ಅದಕ್ಕೆ ಬೇಕಾದ ವಿಷವನ್ನು ಬಹುಕಾಲದಿಂದ ಒದಗಿಸುತ್ತಿರುವವರು ತಮಿಳುನಾಡಿನ ಇರುಳರು. ೧೯೭೮ರಲ್ಲಿ ಸ್ಥಾಪಿತವಾದ ಅವರ ಸಹಕಾರ ಸಂಘ ಇದಕ್ಕೆ ಪ್ರಸಿದ್ಧವಾಗಿದೆ. ಹಾವಿನ ಜಾಡನ್ನು ಬಲ್ಲ ವನವಾಸಿಗಳ ಅರಿವು ಶಾಸ್ತ್ರದೊಡನೆ ಕೂಡಿದಾಗ ಹೀಗೆ ಸಾರ್ಥಕವಾಗುತ್ತದೆ.

ಗೃಹಸ್ಥ ತಿಳಿದಿರಬೇಕಾದ ಪ್ರಥಮೋಪಚಾರವೂ ಬದಲಾಗಿದೆ. ಕಡಿದ ಸ್ಥಳದಿಂದ ನಾಲ್ಕು ಅಂಗುಲ ಮೇಲೆ ಬಿಗಿಯಾಗಿ ಕಟ್ಟಬೇಕೆಂದು ಸುಶ್ರುತಸಂಹಿತೆಯ ವಿಧಿ. ಬಿಗಿಯಾದ ಕಟ್ಟು ರಕ್ತಸಂಚಾರವನ್ನು ನಿಲ್ಲಿಸಿ ಅಂಗವನ್ನೇ ಕೆಡಿಸಬಹುದೆಂದು ಇಂದು ತಿಳಿದಿದೆ. ಆದುದರಿಂದ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು, ಯಾವ ಬೇರನ್ನೂ ಹಚ್ಚಬಾರದು. ಕಚ್ಚಿಸಿಕೊಂಡವನಿಗೆ ಧೈರ್ಯ ಹೇಳಿ, ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆದು, ಮೂಳೆ ಮುರಿದಾಗ ಮಾಡುವಂತೆ ಅಂಗ ಅಲುಗದ ಹಾಗೆ ದಬ್ಬೆ ಕಟ್ಟಿ, ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ವಿಶ್ವ ಆರೋಗ್ಯ ಸಂಸ್ಥೆ ೨೦೧೭ರಲ್ಲಿ ಹಾವಿನ ಕಡಿತವನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ ೨೦೨೪ರಲ್ಲಿ ಇದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಯೆಂದು ಘೋಷಿಸಿತು. ‘ಖಗೇಂದ್ರಮಣಿದರ್ಪಣ’ ಹುಟ್ಟಿದ ನಾಡಿನಲ್ಲಿ ಇದು ಆಗಲೇಬೇಕಾಗಿದ್ದ ಕೆಲಸ.

೬

ಇಷ್ಟರಿಂದ ಮನೆಮದ್ದೆಲ್ಲ ತ್ಯಾಜ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. ಮನೆಯ ಅಡುಗೆಕೋಣೆಯಲ್ಲಿಯೇ ಸಿದ್ಧವಾಗಿ ಕೋಟ್ಯಂತರ ಮಕ್ಕಳ ಪ್ರಾಣವನ್ನುಳಿಸಿದ ಮದ್ದೊಂದರ ಚರಿತ್ರೆ ಇದಕ್ಕೆ ಉತ್ತರವಾಗಿದೆ. ವಾಂತಿಭೇದಿಯಲ್ಲಿ ರೋಗಿ ಸಾಯುವುದು ಮುಖ್ಯವಾಗಿ ಮೈಯ ನೀರೂ ಉಪ್ಪೂ ಬಸಿದುಹೋಗುವುದರಿಂದ. ಕರುಳು ಸಕ್ಕರೆಯನ್ನು ಹೀರಿಕೊಳ್ಳುವಾಗ ಅದರೊಡನೆ ಉಪ್ಪನ್ನೂ, ಉಪ್ಪಿನ ಹಿಂದೆ ನೀರನ್ನೂ ಒಳಕ್ಕೆ ಸೆಳೆದುಕೊಳ್ಳುತ್ತದೆ ಎಂಬ ಗುಟ್ಟು ೧೯೬೦ರ ದಶಕದಲ್ಲಿ ವಿಜ್ಞಾನಿಗಳಿಗೆ ತಿಳಿಯಿತು. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರ ಪ್ರವಾಹವೇ ಹರಿದುಬಂದಾಗ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ದ್ರಾವಣ ಮುಗಿದುಹೋಗಿತ್ತು. ಡಾ. ದಿಲೀಪ್ ಮಹಾಲನಬೀಸರು ಉಪ್ಪು, ಸಕ್ಕರೆಯ ಸತ್ತ್ವ, ಸೋಡಾಗಳನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಅದನ್ನು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಚರಕನು ಹೇಳಿದ ನಾಲ್ಕು ಪಾದಗಳಲ್ಲಿ ಉಪಚಾರಕನ ಪಾದ ಎಷ್ಟು ಬಲವಾದುದೆಂದು ಅಂದು ಲೋಕಕ್ಕೆ ವಿದಿತವಾಯಿತು.

ನಮ್ಮ ಮನೆಗಳಲ್ಲಿ ಭೇದಿಯಾದವರಿಗೆ ಉಪ್ಪು ಹಾಕಿದ ಅಕ್ಕಿಯ ಗಂಜಿಯನ್ನು ಕೊಡುವ ಪದ್ಧತಿಗೆ ಇದರಿಂದ ಹೊಸ ಸಮರ್ಥನೆ ದೊರೆಯಿತು. ಅಕ್ಕಿಯ ಪಿಷ್ಟ ಕರುಳಿನಲ್ಲಿ ಸಕ್ಕರೆಯಾಗಿ ಅದೇ ಕೆಲಸವನ್ನು ಮಾಡುತ್ತದೆ. ಕಾಲರಾದಲ್ಲಿ ಅಕ್ಕಿಯ ದ್ರಾವಣ ಪರಿಣಾಮಕಾರಿಯೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಚರಕಸಂಹಿತೆ ಇಪ್ಪತ್ತೆಂಟು ಬಗೆಯ ಗಂಜಿಗಳನ್ನು ಹೇಳಿರುವುದನ್ನು ಇಲ್ಲಿ ಸ್ಮರಿಸಬಹುದು. ಆಸ್ಪತ್ರೆಯ ಪೊಟ್ಟಣ ದೊರೆಯದಾಗ ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಬೆರೆಸಿ ಗುಟುಕುಗುಟುಕಾಗಿ ಕುಡಿಸಬೇಕು. ಇಲ್ಲಿ ಚಮಚವೆಂದರೆ ಚಹದ ಚಮಚ. ಉಪ್ಪು ಹೆಚ್ಚಾದರೆ ಅಪಾಯ. ಆದುದರಿಂದ ಕೈಯಳತೆಗೆ ಬಿಡಬಾರದು.

ಈ ಮದ್ದಿಗೂ ಎಲ್ಲೆಯುಂಟು. ಮಲದಲ್ಲಿ ರಕ್ತ ಕಂಡರೆ, ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಕುಡಿದುದೆಲ್ಲ ವಾಂತಿಯಾದರೆ, ಮಗು ಮಂಕಾಗಿ ಎಚ್ಚರ ತಪ್ಪುವಂತಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬಾರದು. ಮದ್ದು, ಅದರ ಅಳತೆ, ಅದರ ಎಲ್ಲೆ ಈ ಮೂರೂ ಕೂಡಿದಾಗ ಮಾತ್ರ ಆತ್ಮೋಪಚಾರ ಪೂರ್ಣವಾಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿಸುವುದು ಅರೆವಿದ್ಯೆ.

೭

ಇಪ್ಪತ್ತನೆಯ ಶತಮಾನದಲ್ಲಿ ಈ ಕಾರ್ಯವನ್ನು ಕನ್ನಡದ ವೈದ್ಯಲೇಖಕರು ಮುಂದುವರಿಸಿದರು. ೧೯೦೮ರಲ್ಲಿ ಮೈಸೂರಿನಲ್ಲಿ ಆಯುರ್ವೇದ ವಿದ್ಯಾಶಾಲೆ ಪ್ರಾರಂಭವಾಯಿತು. ‘ರಾಶಿ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರು ಮನೋರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ವೈದ್ಯವಿಷಯದ ಗ್ರಂಥವೊಂದನ್ನು ಸಾಹಿತ್ಯವೆಂದು ರಾಷ್ಟ್ರ ಮನ್ನಿಸಿದ ಸಂದರ್ಭವದು. ಡಾ. ಅನುಪಮಾ ನಿರಂಜನರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಮೊದಲಾದ ಪುಸ್ತಕಗಳಲ್ಲಿ ಹೆಣ್ಣುಮಕ್ಕಳು ಕೇಳಲು ಸಂಕೋಚಪಡುತ್ತಿದ್ದ ಪ್ರಶ್ನೆಗಳಿಗೆ ತಿಳಿಗನ್ನಡದಲ್ಲಿ ಉತ್ತರ ಬರೆದರು. ‘ಲೋಕೋಪಕಾರ’ದ ಕವಿ ಕಂಡ ಗೃಹಸ್ಥನ ಪಕ್ಕದಲ್ಲಿ ಗೃಹಿಣಿಯನ್ನೂ ಕೂರಿಸಿದ ಕೀರ್ತಿ ಅವರದು.

ಇನ್ನೊಂದು ಕಡೆ ಮನೆಮದ್ದಿನ ಹೆಸರಿನಲ್ಲಿ ವ್ಯಾಪಾರವೂ ಬೆಳೆಯಿತು. ಮಧುಮೇಹ, ಅರ್ಬುದ ಮೊದಲಾದ ವ್ಯಾಧಿಗಳನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡುವುದನ್ನು ೧೯೫೪ರ ಕಾಯಿದೆಯೊಂದು ನಿಷೇಧಿಸಿದ್ದರೂ ಅಂತಹ ಪ್ರಕಟಣೆಗಳು ನಿಂತಿಲ್ಲ. ಯಾಪ್ಯವೆಂದು ಶಾಸ್ತ್ರ ಹೇಳಿದುದನ್ನು ಸುಖಸಾಧ್ಯವೆಂದು ಮಾರುವವರು ಆಯುರ್ವೇದದ ಹೆಸರನ್ನು ಹೇಳಿಕೊಳ್ಳುತ್ತಾರೆ. ಆದರೆ ಆಯುರ್ವೇದದ ಮೊದಲ ಪ್ರಶ್ನೆಯನ್ನೇ ಅವರು ಕೇಳುವುದಿಲ್ಲ.

ನಮ್ಮ ಮಠಗಳ ಓಲೆಗರಿಯ ಕಟ್ಟುಗಳಲ್ಲಿ ವೈದ್ಯದ ಹಸ್ತಪ್ರತಿಗಳು ಕಾಣಸಿಗುವುದುಂಟು. ಅವುಗಳನ್ನು ಸಂಪಾದಿಸಿ ಅಚ್ಚು ಹಾಕಿಸುವುದು ವಿದ್ವಾಂಸರ ಕರ್ತವ್ಯ. ಆದರೆ ಪದ್ಯವನ್ನೂ ಪಾಠಾಂತರವನ್ನೂ ಕೊಟ್ಟಲ್ಲಿಗೆ ಆ ಕೆಲಸ ಮುಗಿಯದು. ಗಿಡದ ಹೆಸರನ್ನು ಸಸ್ಯಶಾಸ್ತ್ರಜ್ಞರಿಂದ ನಿರ್ಧರಿಸಬೇಕು. ಇಂದಿನ ಪರೀಕ್ಷೆಯಲ್ಲಿ ಅಪಾಯವೆಂದು ಕಂಡುಬಂದ ಯೋಗಗಳ ಕೆಳಗೆ ಆ ಮಾತನ್ನು ಸ್ಪಷ್ಟವಾಗಿ ಬರೆಯಬೇಕು. ಹಾಗೆ ಮಾಡದೆ ಹಳೆಯ ಯೋಗಗಳನ್ನು ಬರಿದೆ ಮುದ್ರಿಸಿ ಭಕ್ತರಿಗೆ ಹಂಚಿದರೆ ಪೂರ್ವಿಕರಿಗೆ ಸಲ್ಲಿಸಿದ ಗೌರವವಾಗಲಾರದು. ಜಾತ್ರೆ, ಪುರಾಣ, ಶಿವಾನುಭವಗೋಷ್ಠಿಗಳಲ್ಲಿ ಸಾವಿರಾರು ಜನ ಸೇರುತ್ತಾರೆ. ಹಾವು ಕಚ್ಚಿದಾಗ ಮಾಡಬೇಕಾದುದೇನು, ಮಾಡಬಾರದುದೇನು, ಮಗುವಿಗೆ ಭೇದಿಯಾದಾಗ ಉಪ್ಪು ಸಕ್ಕರೆಗಳನ್ನು ಯಾವ ಅಳತೆಯಲ್ಲಿ ಬೆರೆಸಬೇಕು, ಯಾವಾಗ ಆಸ್ಪತ್ರೆಗೆ ಹೊರಡಬೇಕು ಎಂಬ ನಾಲ್ಕು ಮಾತುಗಳನ್ನು ಅಲ್ಲಿ ಹೇಳುವುದಕ್ಕೆ ಕಾಲು ಗಂಟೆ ಸಾಕು. ಕೋಡಿಯ ಮಠದ ಆಚಾರ್ಯರು ವಿದ್ಯೆಯ ಪಕ್ಕದಲ್ಲಿ ಅನ್ನವನ್ನೂ ಅನ್ನದ ಪಕ್ಕದಲ್ಲಿ ಔಷಧವನ್ನೂ ಇರಿಸಿದ್ದರು. ಔಷಧದ ಎಲ್ಲೆಯನ್ನು ತಿಳಿಸಿಕೊಡುವ ವಿದ್ಯೆಯನ್ನು ಅದರ ಪಕ್ಕದಲ್ಲಿರಿಸುವುದು ಇಂದಿನ ಮಠಗಳಿಗೆ ಒದಗಿರುವ ಕರ್ತವ್ಯ.